ತೂತು ಚಿಕ್ಕದು ಸರಿ, ಆದರೆ ಮೂಳೆ ಬೆಸೆಯಲೇಬೇಕಾ?

ಪ್ರಶ್ನೆ: ನಮ್ಮದು ಗದಗ ಹತ್ತಿರ ಒಂದು ಹಳ್ಳಿ. ಅವ್ವನಿಗೆ 58 ವರ್ಷ, ಆರು ವರ್ಷದಿಂದ ಸೊಂಟ ನೋವು. ಒಂದು ವರ್ಷದಿಂದ ನಡೆದರೆ ಎರಡೂ ಕಾಲು ಎಳೆಯುತ್ತವೆ, ಜೋಮು ಹಿಡಿಯುತ್ತವೆ. ಬಸ್‌ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಎರಡು ಸಲ ಕೂರಬೇಕು. ಶುಗರ್ ಇದೆ. ಎಂಆರ್‌ಐಯಲ್ಲಿ ಎಲ್‌4-ಎಲ್‌5 (ಸೊಂಟದ ಕೊನೆಯ ಎರಡು ಮೂಳೆ) ಹತ್ತಿರ ಮೂಳೆ ಜಾರಿದೆ, ಗ್ರೇಡ್ 1, ನರದ ದಾರಿ ಕಿರಿದಾಗಿದೆ, ಇನ್ನೆರಡು ಡಿಸ್ಕ್ (ಮೂಳೆಗಳ ನಡುವಿನ ಮೆತ್ತೆ) ಉಬ್ಬಿವೆ ಅಂತ ಬಂದಿದೆ. ಒಬ್ಬ ಡಾಕ್ಟರು ಎಂಡೋಸ್ಕೋಪಿಯಲ್ಲಿ ಫ್ಯೂಷನ್, ಅಂದರೆ ಮೂಳೆ ಬೆಸೆಯುವುದು, ಮಾಡೋಣ, ಸಣ್ಣ ತೂತು, ಮರುದಿನವೇ ನಡೆಯಬಹುದು ಅಂದರು. ಇನ್ನೊಬ್ಬರು ಓಪನ್ ಮಾಡಿಯೇ ಬೆಸೆಯುವುದು ಒಳ್ಳೆಯದು ಅಂದರು. ನೆಂಟರು ಬೆನ್ನಿಗೆ ಆಪರೇಷನ್ ಮಾಡಿಸಿದರೆ ಹಾಸಿಗೆ ಹಿಡಿಯುತ್ತಾರೆ ಅಂತ ಹೆದರಿಸುತ್ತಿದ್ದಾರೆ. ಯಾವುದು ಸರಿ? ಅವ್ವನದು ಮಾತ್ರ ಒಂದೇ ಪ್ರಶ್ನೆ: ಆಮೇಲೆ ನೆಲದ ಮೇಲೆ ಕೂತು ರೊಟ್ಟಿ ಬಡಿಯೋಕೆ ಆಗುತ್ತಾ?

ಉತ್ತರ:

ಇಬ್ಬರು ಡಾಕ್ಟರೂ ಆಪರೇಷನ್ ಹೇಗೆ ಮಾಡಬೇಕು ಅನ್ನುವುದನ್ನು ಹೇಳಿದ್ದಾರೆ. ನಿಮ್ಮ ಪತ್ರ ಓದಿದ ಕೂಡಲೇ ನನಗೆ ಅದಕ್ಕಿಂತ ಮುಂಚಿನ ಪ್ರಶ್ನೆ ಎದ್ದಿತು. ಅವ್ವನ ಆ ಎರಡು ಮೂಳೆಗಳನ್ನು ಬೆಸೆಯಲೇಬೇಕಾ? ಅದಕ್ಕೆ ಉತ್ತರ ಸಿಗುವ ತನಕ ತೂತಿನ ಅಳತೆ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಾನು ಎರಡೂ ರೀತಿಯ ಆಪರೇಷನ್ ಮಾಡುತ್ತೇನೆ, ಹಾಗಾಗಿ ಇದೇ ಆಗಬೇಕು ಅನ್ನುವ ಹಟ ನನಗಿಲ್ಲ. ಅವ್ವನನ್ನು ಮುಟ್ಟಿ ನೋಡದೆ ಇಲ್ಲಿಂದಲೇ ತೀರ್ಮಾನ ಕೊಡುವುದು ತಪ್ಪು. ಆದರೆ ತೀರ್ಮಾನಕ್ಕೆ ಮುಂಚೆ ಏನು ಕೇಳಬೇಕು, ಯಾವ ಪರೀಕ್ಷೆ ಮಾಡಿಸಬೇಕು ಅನ್ನುವುದನ್ನು ಬಿಡಿಸಿ ಹೇಳಬಲ್ಲೆ.

ಮೊದಲು ಅವ್ವನ ನೋವನ್ನು ಎರಡು ಭಾಗ ಮಾಡಿಕೊಳ್ಳಿ. ಸೊಂಟದ ನೋವು ಬೇರೆ, ಕಾಲಿನ ಎಳೆತ ಬೇರೆ. ಆರು ವರ್ಷದ ಸೊಂಟ ನೋವು ಡಿಸ್ಕಿನಿಂದ ಬಂದಿರಬಹುದು, ಬೆನ್ನುಮೂಳೆ ಹಿಂದಿನ ಸಣ್ಣ ಕೀಲುಗಳಿಂದ ಬಂದಿರಬಹುದು, ಸ್ನಾಯು ಸೋತು ಬಂದಿರಬಹುದು. ಎಷ್ಟೋ ಸಲ ಇಂಥದ್ದೇ ಜಾಗ ಅಂತ ಬೆರಳಿಟ್ಟು ತೋರಿಸಲು ನಮಗೂ ಆಗುವುದಿಲ್ಲ. ಕಾಲಿನದ್ದು ಹಾಗಲ್ಲ. ನಡೆದರೆ ಎಳೆತ, ಜೋಮು, ಕೂತ ಕೂಡಲೇ ಆರಾಮ ಅನ್ನುವುದು ನರದ ದಾರಿ ಕಿರಿದಾದವರು ಹೇಳುವ ಮಾತು, ಓಪಿಡಿಯಲ್ಲಿ ದಿನಾ ಕೇಳುತ್ತೇವೆ. ನೆಟ್ಟಗೆ ನಿಂತಾಗ ಆ ದಾರಿ ಇನ್ನೂ ಬಿಗಿಯಾಗುತ್ತದೆ, ಮುಂದೆ ಬಾಗಿದಾಗ ಸ್ವಲ್ಪ ತೆರೆದುಕೊಳ್ಳುತ್ತದೆ. ಅದಕ್ಕೇ ಇಂಥವರಿಗೆ ನಡೆಯುವುದು ಕಷ್ಟ, ಸೈಕಲ್ ತುಳಿಯುವುದು ಸಲೀಸು. ತಳ್ಳುಗಾಡಿ ಮೇಲೆ ಕೈಯೂರಿ ಬಾಗಿ ನಡೆದರೆ ಅವ್ವ ಜಾಸ್ತಿ ದೂರ ಹೋಗುತ್ತಾರಾ ಅಂತ ಒಮ್ಮೆ ನೋಡಿ. ಹೋದರೆ ತೊಂದರೆ ನರದ್ದೇ ಅನ್ನುವುದಕ್ಕೆ ಬಲ ಬಂತು.

ಶುಗರ್ ಇರುವುದರಿಂದ ಇನ್ನೊಂದು ವಿಷಯ ಹೇಳಲೇಬೇಕು. ಕಾಲಿನ ರಕ್ತನಾಳ ಕಟ್ಟಿಕೊಂಡವರಿಗೂ ನಡೆದಾಗ ಕಾಲು ನೋಯುತ್ತದೆ. ಆದರೆ ಆ ನೋವು ಸುಮ್ನೆ ನಿಂತರೂ ಹೋಗುತ್ತದೆ, ಕೂರಬೇಕಿಲ್ಲ, ಬಾಗಬೇಕಿಲ್ಲ. ಪಾದದ ನಾಡಿ ಮುಟ್ಟಿ ನೋಡಲು ಅರ್ಧ ನಿಮಿಷ ಸಾಕು, ಅನುಮಾನ ಬಂದರೆ ರಕ್ತ ಹರಿಯುವುದನ್ನು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಬಹುದು. ಇನ್ನು ರಾತ್ರಿ ಮಲಗಿದಾಗಲೂ ಅಂಗಾಲು ಉರಿಯುತ್ತಿದ್ದರೆ ಅದು ಶುಗರಿನಿಂದ ನರ ಕೆಟ್ಟಿದ್ದಿರಬಹುದು. ಬೆನ್ನಿನ ಯಾವ ಆಪರೇಷನ್ನೂ ಆ ಉರಿಯನ್ನು ತೆಗೆಯುವುದಿಲ್ಲ. ಇವೆರಡನ್ನೂ ನೋಡದೆ ಆಪರೇಷನ್ ಮಾಡಿ, ಆಮೇಲೆ ನೋವು ಹೋಗಲಿಲ್ಲ ಅಂತ ಅಲೆಯುವವರನ್ನು ಕಂಡಿದ್ದೇನೆ. ಬಹಳ ಸಂಕಟವಾಗುತ್ತದೆ.

ಈಗ ಎಂಆರ್‌ಐಗೆ ಬರೋಣ. ಆ ವರದಿಯ ಭಾಷೆ ಓದಿದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಉಬ್ಬಿದೆ, ಸವೆದಿದೆ, ಒಣಗಿದೆ, ಒತ್ತಿದೆ. ಆದರೆ ಬೆನ್ನು ನೋವೇ ಇಲ್ಲದವರನ್ನು ಸ್ಕ್ಯಾನ್ ಮಾಡಿದರೂ ಇದೇ ಕಾಣುತ್ತದೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬೆನ್ನು ನೋವಿಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ್ದರು. 20ರ ವಯಸ್ಸಿನವರಲ್ಲೇ ನೂರಕ್ಕೆ 37 ಜನರಿಗೆ ಡಿಸ್ಕ್ ಸವೆದಿತ್ತು. 50ರ ವಯಸ್ಸಿನಲ್ಲಿ 80 ಜನರಿಗೆ ಸವೆತ, 60 ಜನರಿಗೆ ಡಿಸ್ಕ್ ಉಬ್ಬು. ಇವರ್‍ಯಾರಿಗೂ ನೋವಿರಲಿಲ್ಲ! ಹಾಗಾಗಿ ಅವ್ವನ ವರದಿಯಲ್ಲಿರುವ ಇನ್ನೆರಡು ಉಬ್ಬಿದ ಡಿಸ್ಕ್‌ಗಳನ್ನು ತಲೆಯ ನರೆಕೂದಲಿನ ಹಾಗೆ ನೋಡಿ, ವಯಸ್ಸಿಗೆ ಬಂದದ್ದು. ಯಾರಾದರೂ ಮೂರೂ ಕಡೆ ಸ್ಕ್ರೂ ಹಾಕಿಬಿಡೋಣ ಅಂದರೆ ಕಾರಣ ಕೇಳಿ, ಬರೀ ವರದಿ ತೋರಿಸಿದರೆ ಒಪ್ಪಬೇಡಿ. ಅವ್ವ ಹೇಳುವ ತೊಂದರೆಗೆ ತಾಳೆಯಾಗುವುದು ಎಲ್‌4-ಎಲ್‌5 ಒಂದೇ.

ಗ್ರೇಡ್ 1 ಅಂದರೆ ಮೇಲಿನ ಮೂಳೆ ಕೆಳಗಿನದರ ಮೇಲೆ ಕಾಲು ಭಾಗದೊಳಗೆ ಮುಂದೆ ಸರಿದಿದೆ ಅಂತ. ಅವ್ವನ ವಯಸ್ಸಿನ ಹೆಂಗಸರಲ್ಲಿ ಇದು ಹೆಚ್ಚು, ಅದೂ ಇದೇ ಎಲ್‌4-ಎಲ್‌5ನಲ್ಲಿ. ಹಿಂದಿನ ಕೀಲುಗಳು ಸವೆದು ಸಡಿಲವಾಗುತ್ತವೆ, ಮೂಳೆ ನಿಧಾನವಾಗಿ ಜಾರುತ್ತದೆ. ಇಲ್ಲಿ ಒಂದು ಮುಖ್ಯ ವಿಷಯ ಇದೆ. ಎಂಆರ್‌ಐ ತೆಗೆಯುವುದು ಮಲಗಿಸಿ. ಮಲಗಿದಾಗ ಜಾರಿದ ಮೂಳೆ ಸ್ವಲ್ಪ ಹಿಂದೆ ಬಂದು ಕೂರಬಹುದು. ಅದು ನಿಂತಾಗ ಎಷ್ಟು ಜಾರುತ್ತದೆ, ಬಾಗಿದಾಗ ಅಲ್ಲಾಡುತ್ತದಾ ಅನ್ನುವುದು ನಿಂತು ತೆಗೆದ ಎಕ್ಸ್‌ರೇಯಲ್ಲಿ ಮಾತ್ರ ಗೊತ್ತಾಗುವುದು. ಒಂದು ನೆಟ್ಟಗೆ ನಿಂತು, ಒಂದು ಮುಂದೆ ಬಾಗಿ, ಒಂದು ಹಿಂದೆ ಬಾಗಿ. ಎಂಆರ್‌ಐಗೆ ಹೋಲಿಸಿದರೆ ಪುಡಿಗಾಸಿನ ಪರೀಕ್ಷೆ. ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಮಾಡಿಸಿಲ್ಲ ಅಂದರೆ ಮೊದಲು ಅದನ್ನು ಮಾಡಿಸಿ, ಬೆಸೆಯಬೇಕಾ ಬೇಡವಾ ಅನ್ನುವ ಪ್ರಶ್ನೆ ಬಹುಪಾಲು ಅಲ್ಲೇ ಇದೆ.

ಬೆಸೆಯುವುದು ಅಂದರೆ ಏನು? ಬೆನ್ನುಮೂಳೆ ಬೆಸೆಯುವ ಆಪರೇಷನ್ ಹೊಸದೇನಲ್ಲ. 1911ರಲ್ಲಿ ನ್ಯೂಯಾರ್ಕಿನ ರಸೆಲ್ ಹಿಬ್ಸ್ ಮತ್ತು ಫ್ರೆಡ್ ಆಲ್ಬಿ ಬೇರೆ ಬೇರೆಯಾಗಿ ಇದನ್ನು ವರದಿ ಮಾಡಿದರು. ಆಗ ಸ್ಕ್ರೂ ಇಲ್ಲ, ರಾಡ್ ಇಲ್ಲ. ಬೆನ್ನುಮೂಳೆಯ ಕ್ಷಯದಿಂದ ಗೂನಾಗುತ್ತಿದ್ದವರಿಗೆ ಮೂಳೆಯ ಚೂರುಗಳನ್ನಿಟ್ಟು, ತಿಂಗಳುಗಟ್ಟಲೆ ಮಲಗಿಸಿ, ಎರಡು ಮೂಳೆ ಒಂದಾಗುವಂತೆ ಮಾಡುತ್ತಿದ್ದರು. ಇವತ್ತು ಸ್ಕ್ರೂ, ರಾಡ್, ಡಿಸ್ಕಿನ ಜಾಗದಲ್ಲಿ ಕೂರಿಸುವ ಕೇಜ್ ಅನ್ನುವ ಗೂಡು ಎಲ್ಲ ಬಂದಿವೆ, ಆದರೆ ಒಳಗಿನ ಕೆಲಸ ಅದೇ. ಮನೆಗೆ ಸ್ಲ್ಯಾಬ್ ಹಾಕಿದ್ದು ನೋಡಿರುತ್ತೀರಲ್ಲ. ಸೆಂಟ್ರಿಂಗ್ ಹಲಗೆ, ಕಂಬ ಎಲ್ಲ ಕಾಂಕ್ರೀಟನ್ನು ಹಿಡಿದು ನಿಲ್ಲಿಸುವುದಕ್ಕೆ, ಗಟ್ಟಿಯಾಗಬೇಕಾದದ್ದು ಕಾಂಕ್ರೀಟೇ. ಹಾಗೇ ಸ್ಕ್ರೂ-ರಾಡ್ ಹಿಡಿದು ನಿಲ್ಲಿಸುತ್ತವೆ, ಬೆಸೆದುಕೊಳ್ಳಬೇಕಾದದ್ದು ಮೂಳೆ. ಅದಕ್ಕೆ ಆರು ತಿಂಗಳಿಂದ ಒಂದು ವರ್ಷ ಬೇಕು. ಮೂಳೆ ಕೂಡಲಿಲ್ಲ ಅಂದರೆ ಎಷ್ಟು ದುಬಾರಿ ಸ್ಕ್ರೂ ಆದರೂ ದಿನ ಕಳೆದ ಹಾಗೆ ಸಡಿಲವಾಗುತ್ತದೆ, ಇಲ್ಲ ಮುರಿಯುತ್ತದೆ.

ಎಂಡೋಸ್ಕೋಪಿಯಲ್ಲಿ ಬದಲಾಗಿರುವುದು ಅಲ್ಲಿಗೆ ಹೋಗುವ ದಾರಿ. ಹಳೆಯ ರೀತಿಯಲ್ಲಿ ಬೆನ್ನಿನ ನಡುವೆ ಉದ್ದಕ್ಕೆ ಕೊಯ್ದು, ಮೂಳೆಗೆ ಅಂಟಿದ ಸ್ನಾಯುವನ್ನು ಎರಡೂ ಕಡೆಗೆ ಬಿಡಿಸಿ, ಆಪರೇಷನ್ ಮುಗಿಯುವ ತನಕ ಹಿಗ್ಗಿಸಿ ಹಿಡಿದಿರಬೇಕು. ಆ ಸ್ನಾಯುಗಳೇ ಬೆನ್ನನ್ನು ನೆಟ್ಟಗೆ ಹಿಡಿಯುವಂಥವು. ಹಾಗೆ ಎಳೆದು ಹಿಡಿದಷ್ಟೂ ರಕ್ತ ಹೋಗುತ್ತದೆ, ನೋವು ಜಾಸ್ತಿ, ಆಮೇಲೆ ಸ್ನಾಯು ಸೊರಗುವುದೂ ಉಂಟು. ಎಂಡೋಸ್ಕೋಪಿಯಲ್ಲಿ ಸ್ನಾಯುವಿನ ಎಳೆಗಳ ನಡುವೆ ದಾರಿ ಮಾಡಿಕೊಂಡು ಸಣ್ಣ ಕ್ಯಾಮೆರಾ ಒಳಗೆ ಹೋಗುತ್ತದೆ. ಸಲೈನ್ ನೀರು ಒಂದೇ ಸಮನೆ ಹರಿಯುತ್ತಿರುತ್ತದೆ, ರಕ್ತ ತೊಳೆದು ಹೋಗಿ ನರ, ಡಿಸ್ಕ್, ಮೂಳೆ ಎಲ್ಲ ದೊಡ್ಡದಾಗಿ ಪರದೆ ಮೇಲೆ ಕಾಣುತ್ತವೆ. ನಿಜ ಹೇಳಬೇಕೆಂದರೆ ಮೊದಲ ಸಲ ಆ ಚಿತ್ರ ನೋಡಿದಾಗ, ಇಷ್ಟು ವರ್ಷ ಇದನ್ನು ನೋಡದೆ ಹೇಗೆ ಮಾಡುತ್ತಿದ್ದೆವು ಅನ್ನಿಸಿತ್ತು.

ಇದರಲ್ಲೂ ಎರಡು ಬಗೆ ಇವೆ. ಒಂದೇ ತೂತಿನಲ್ಲಿ ಕ್ಯಾಮೆರಾ, ಸಲಕರಣೆ ಎರಡೂ ಹೋಗುವುದು ಒಂದು. ಎರಡು ತೂತು ಮಾಡಿ ಒಂದರಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಸಲಕರಣೆ ಹಾಕುವುದು ಇನ್ನೊಂದು. ಇದನ್ನು ಯುಬಿಇ ಅನ್ನುತ್ತಾರೆ, ದಕ್ಷಿಣ ಕೊರಿಯಾದ ಸರ್ಜನ್‌ಗಳು ಇದನ್ನು ತುಂಬಾ ಬೆಳೆಸಿದರು, ಈಗ ನಮ್ಮಲ್ಲೂ ಬಹಳ ಜನ ಮಾಡುತ್ತಾರೆ. ಒಂದು ತೂತಿನ ಬಗೆಯಲ್ಲಿ ಪಕ್ಕದಿಂದ ಹೋಗುವ ದಾರಿಗೆ ಕಾಂಬಿನ್ ತ್ರಿಕೋನ ಅಂತ ಹೆಸರು, ಅಮೆರಿಕದ ಸರ್ಜನ್ ಪಾರ್ವಿಜ್ ಕಾಂಬಿನ್ ಅದನ್ನು ವಿವರಿಸಿದ್ದರಿಂದ. ಹೊರಗೆ ಹೋಗುವ ನರ, ಕೆಳಗಿನ ಮೂಳೆಯ ಮೇಲ್ಭಾಗ, ಹಿಂದಿನ ಕೀಲು, ಇವುಗಳ ನಡುವಿನ ಸಣ್ಣ ಜಾಗ ಅದು. ಡಿಸ್ಕಿನ ಚೂರು ತೆಗೆಯಲು ಆ ಜಾಗ ಸಾಕು, ಆದರೆ ಕೇಜ್ ದಪ್ಪ ಇರುತ್ತದೆ, ಒಳಗೆ ತೂರಿಸುವಾಗ ಪಕ್ಕದ ನರಕ್ಕೆ ಪೆಟ್ಟಾಗುವ ಭಯ ಇದೆ. ಅದಕ್ಕೇ ಕೆಲವರು ಒಳಗೆ ಹೋದ ಮೇಲೆ ಹಿಗ್ಗುವ ಕೇಜ್ ಹಾಕುತ್ತಾರೆ, ಕೆಲವರು ಕೀಲಿನ ಮೂಳೆ ಸ್ವಲ್ಪ ಕೆತ್ತಿ ದಾರಿ ಅಗಲ ಮಾಡಿಕೊಳ್ಳುತ್ತಾರೆ.

ಇನ್ನೊಂದು ವಿಷಯ ರೋಗಿಗಳಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ಫ್ಯೂಷನ್ ಅಂದ ಮೇಲೆ ತೂತು ಒಂದಲ್ಲ. ಎರಡು ಮೂಳೆಗೆ ನಾಲ್ಕು ಸ್ಕ್ರೂ ಬೇಕು. ಅವನ್ನು ಎಕ್ಸ್‌ರೇ ಯಂತ್ರ, ಅಂದರೆ ಸಿ-ಆರ್ಮ್, ನೋಡಿಕೊಂಡು ಚರ್ಮದ ಮೇಲಿಂದ ಹಾಕುತ್ತೇವೆ. ಒಟ್ಟಿನಲ್ಲಿ ಬೆನ್ನಿನ ಎರಡೂ ಕಡೆ ಸೇರಿ ನಾಲ್ಕೈದು ಸಣ್ಣ ಗಾಯ. ಆಪರೇಷನ್ ಆದ ಮೇಲೆ ಇಷ್ಟೊಂದು ಪಟ್ಟಿ ಯಾಕೆ ಅಂತ ಮನೆಯವರು ಗಾಬರಿಯಾಗುತ್ತಾರೆ, ಮೊದಲೇ ತಿಳಿದಿರಲಿ. ಲೇಸರ್ ಆಪರೇಷನ್ ಅಂತಲೂ ಕೆಲವರು ಕರೆಯುತ್ತಾರೆ. ಎಂಡೋಸ್ಕೋಪಿ ಬೇರೆ, ಲೇಸರ್ ಬೇರೆ.

ಹಾಗಾದರೆ ಇದು ಓಪನ್‌ಗಿಂತ ಒಳ್ಳೆಯದಾ? ಮೊದಲ ಕೆಲವು ವಾರ ಹೌದು. ರಕ್ತ ಕಡಿಮೆ ಹೋಗುತ್ತದೆ, ಗಾಯದ ನೋವು ಕಡಿಮೆ, ಆಸ್ಪತ್ರೆಯಲ್ಲಿ ಇರುವ ದಿನ ಕಡಿಮೆ. ಶುಗರ್ ಇರುವವರಿಗೆ ಗಾಯ ಚಿಕ್ಕದಾದಷ್ಟೂ ಒಳ್ಳೆಯದು. ಆದರೆ ಒಂದು ವರ್ಷ, ಎರಡು ವರ್ಷ ಆದ ಮೇಲೆ ಹೋಲಿಸಿ ನೋಡಿದರೆ ನೋವು ಎಷ್ಟು ಕಡಿಮೆಯಾಯಿತು, ಮೂಳೆ ಬೆಸೆಯಿತಾ ಅನ್ನುವುದರಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಎಂಡೋಸ್ಕೋಪಿಗೆ ಆಪರೇಷನ್ ಟೇಬಲ್ ಮೇಲೆ ಸಾಮಾನ್ಯವಾಗಿ ಹೊತ್ತು ಜಾಸ್ತಿ ಬೇಕು. ಕೈ ಪಳಗಲು ವರ್ಷಗಳು ಬೇಕು. ನರದ ಹೊದಿಕೆ ಹರಿಯುವುದು, ಒಳಗೆ ರಕ್ತ ಕಟ್ಟುವುದು, ಹೊರಗೆ ಹೋಗುವ ನರ ಕೆರಳಿ ತೊಡೆಯಲ್ಲಿ ಉರಿ ಬರುವುದು, ಕೇಜ್ ಮೆತ್ತನೆಯ ಮೂಳೆಯೊಳಗೆ ಕುಸಿಯುವುದು, ಇವೆಲ್ಲ ಇಲ್ಲೂ ಆಗಬಹುದು. ಒಳಗೆ ಹೋದ ನೀರು ಸರಿಯಾಗಿ ಹೊರಗೆ ಬರದೆ ಒತ್ತಡ ಏರಿದರೆ ಕುತ್ತಿಗೆ ನೋವು, ತಲೆನೋವು ಬರುತ್ತದೆ, ತೀರಾ ಅಪರೂಪಕ್ಕೆ ಫಿಟ್ಸ್ ಕೂಡ. ಓಪನ್ ಚೆನ್ನಾಗಿ ಮಾಡುವ ಡಾಕ್ಟರ ಓಪನ್ ಆಪರೇಷನ್, ಈಗಷ್ಟೇ ಎಂಡೋಸ್ಕೋಪಿ ಕಲಿಯುತ್ತಿರುವವರ ಸಣ್ಣ ತೂತಿಗಿಂತ ಎಷ್ಟೋ ಸುರಕ್ಷಿತ. ನನ್ನ ಅಕ್ಕನಿಗೇ ಆದರೂ ನಾನು ಹೀಗೇ ಹೇಳುತ್ತೇನೆ.

ಈಗ ಮೊದಲಿನ ಪ್ರಶ್ನೆಗೆ ವಾಪಸ್ ಬರುತ್ತೇನೆ. ಬೆಸೆಯಬೇಕಾ?

ಬರೀ ಸೊಂಟ ನೋವಿಗೆ, ಕಾಲಿನ ತೊಂದರೆ ಏನೂ ಇಲ್ಲದಿದ್ದರೆ, ನನ್ನ ಉತ್ತರ ಬಹುಪಾಲು ಬೇಡ ಅಂತಲೇ. ಯಾವ ಚಿಕಿತ್ಸೆ ಕೊಡಬೇಕು ಅಂತ ಡಾಕ್ಟರುಗಳಿಗೆ ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ, ಸಂಶೋಧನೆಯ ಭಾಗವಾಗಿ ಬಿಟ್ಟರೆ ಸೊಂಟ ನೋವಿಗೆ ಫ್ಯೂಷನ್ ಮಾಡಬೇಡಿ ಅಂತ ನೇರವಾಗಿ ಹೇಳಿದೆ. ಅದಕ್ಕೆ ಕಾರಣ ಇದೆ. 2001ರಲ್ಲಿ ಸ್ವೀಡನ್ನಿನ 294 ಜನರ ಅಧ್ಯಯನದಲ್ಲಿ ಫ್ಯೂಷನ್ ಮಾಡಿಸಿಕೊಂಡವರು ಹೆಚ್ಚು ಸುಧಾರಿಸಿದ್ದರು, ಆದರೆ ಅಲ್ಲಿ ಉಳಿದವರಿಗೆ ಕೊಟ್ಟದ್ದು ಮಾಮೂಲಿ ಚಿಕಿತ್ಸೆ. ಆಮೇಲೆ ನಾರ್ವೆಯಲ್ಲಿ, 2005ರಲ್ಲಿ ಬ್ರಿಟನ್ನಿನ 349 ಜನರಲ್ಲಿ, ಒಳ್ಳೆಯ ವ್ಯಾಯಾಮ ಮತ್ತು ನೋವಿನ ಬಗ್ಗೆ ತಿಳಿವಳಿಕೆ ಕೊಟ್ಟು ಹೋಲಿಸಿದಾಗ ವ್ಯತ್ಯಾಸ ತೀರಾ ಕಡಿಮೆಯಾಯಿತು. ಸರಿಯಾಗಿ ಮಾಡಿಸಿದ ವ್ಯಾಯಾಮ ಅಷ್ಟು ಕೆಲಸ ಮಾಡುತ್ತದೆ. ಫಿಸಿಯೋಥೆರಪಿ ಮಾಡಿಸಿದೆವು, ಉಪಯೋಗ ಆಗಲಿಲ್ಲ ಅನ್ನುವವರನ್ನು ಬಿಡಿಸಿ ಕೇಳಿದರೆ, ಹತ್ತು ದಿನ ಹೋಗಿ ಬಿಸಿ ಶಾಖ, ಕರೆಂಟ್ ಕೊಡಿಸಿಕೊಂಡು ಬಂದಿರುತ್ತಾರೆ. ಅದು ವ್ಯಾಯಾಮ ಅಲ್ಲ.

ಅವ್ವನದು ಬೇರೆ, ಕಾಲಿನ ತೊಂದರೆ ಇದೆ, ಮೂಳೆ ಜಾರಿದೆ. ಇಂಥವರಿಗೆ ಬೆಸೆಯಲೇಬೇಕು ಅಂತ ನಾವೂ ಬಹಳ ವರ್ಷ ನಂಬಿದ್ದೆವು, ಹಾಗೇ ಕಲಿತಿದ್ದೆವು. 2021ರಲ್ಲಿ ನಾರ್ವೆಯ ಒಂದು ಅಧ್ಯಯನ ಬಂತು. ಮೂಳೆ ಜಾರಿ ನರದ ದಾರಿ ಕಿರಿದಾದ 267 ಜನ. ಅರ್ಧ ಜನರಿಗೆ ಬರೀ ನರದ ಮೇಲಿನ ಒತ್ತಡ ಬಿಡಿಸಿದರು, ಉಳಿದವರಿಗೆ ಒತ್ತಡ ಬಿಡಿಸಿ ಸ್ಕ್ರೂ ಹಾಕಿ ಬೆಸೆದರು. ಎರಡು ವರ್ಷದ ಮೇಲೆ ನೋಡಿದರೆ, ಚೆನ್ನಾಗಿ ಸುಧಾರಿಸಿದವರು ಮೊದಲ ಗುಂಪಿನಲ್ಲಿ ನೂರಕ್ಕೆ ಸುಮಾರು 71, ಎರಡನೆಯದರಲ್ಲಿ ಸುಮಾರು 73. ಅಷ್ಟೇ ವ್ಯತ್ಯಾಸ. ಮತ್ತೆ ಆಪರೇಷನ್ ಬೇಕಾದವರು ಬೆಸೆಯದ ಗುಂಪಿನಲ್ಲಿ ಸ್ವಲ್ಪ ಜಾಸ್ತಿ, ನೂರಕ್ಕೆ ಸುಮಾರು 12, ಬೆಸೆದವರಲ್ಲಿ ಸುಮಾರು 9. ಅದಕ್ಕೂ ಮುಂಚೆ 2016ರಲ್ಲಿ ಸ್ವೀಡನ್ನಿನ 247 ಜನರ ಅಧ್ಯಯನವೂ ಹೆಚ್ಚುಕಡಿಮೆ ಇದನ್ನೇ ಹೇಳಿತ್ತು. ಅದೇ ವರ್ಷ ಅಮೆರಿಕದ 66 ಜನರ ಅಧ್ಯಯನ ಮಾತ್ರ ಬೆಸೆದವರ ಕಡೆ ಸ್ವಲ್ಪ ವಾಲಿತು, ಅಲ್ಲಿ ಬೆಸೆಯದವರಲ್ಲಿ ನೂರಕ್ಕೆ 34 ಜನರಿಗೆ ಮುಂದೆ ಇನ್ನೊಂದು ಆಪರೇಷನ್ ಬೇಕಾಯಿತು, ಬೆಸೆದವರಲ್ಲಿ 14. ಹಾಗಾಗಿ ಡಾಕ್ಟರುಗಳಲ್ಲೇ ಎರಡು ಮಾತು ಇರುವುದು ಸಹಜ.

ನಾನು ಇದನ್ನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಜಾರಿದ ಮೂಳೆ ಅಲ್ಲೇ ಗಟ್ಟಿಯಾಗಿ ಕೂತಿದ್ದರೆ, ಬಾಗಿದಾಗ ಅಲ್ಲಾಡದಿದ್ದರೆ, ಮುಖ್ಯ ತೊಂದರೆ ಕಾಲಿನದ್ದೇ ಆಗಿದ್ದರೆ, ಬರೀ ನರ ಬಿಡಿಸಿದರೆ ಸಾಕಾಗುವವರು ಬಹಳ ಜನ. ಎಕ್ಸ್‌ರೇಯಲ್ಲಿ ಮೂಳೆ ಕಣ್ಣಿಗೆ ಕಾಣುವಷ್ಟು ಹಿಂದೆ ಮುಂದೆ ಸರಿದರೆ, ಹಾಸಿಗೆಯಲ್ಲಿ ಮಗ್ಗುಲಾದರೆ, ಕುರ್ಚಿಯಿಂದ ಎದ್ದರೆ ಸೊಂಟ ಹಿಡಿದುಕೊಂಡು ಪ್ರಾಣ ಹೋದಂತಾದರೆ, ಡಿಸ್ಕ್ ಕುಸಿದು ನರ ಹೊರಗೆ ಹೋಗುವ ಕಿಂಡಿಯೇ ಮುಚ್ಚಿಹೋಗಿದ್ದರೆ, ಆಗ ಬೆಸೆಯುವುದಕ್ಕೆ ಅರ್ಥವಿದೆ. ನರ ಬಿಡಿಸಲು ಕೀಲಿನ ಬಹುಪಾಲನ್ನು ತೆಗೆಯಲೇಬೇಕಾದರೂ ಬೆಸೆಯಬೇಕಾಗುತ್ತದೆ, ಇಲ್ಲದಿದ್ದರೆ ಇರುವ ಹಿಡಿತವೂ ಹೋಗುತ್ತದೆ.

ಎಂಡೋಸ್ಕೋಪಿಯ ನಿಜವಾದ ಲಾಭ ನನಗೆ ಕಾಣುವುದು ಇಲ್ಲೇ. ಒಂದು ಪಕ್ಕದಿಂದ ಕ್ಯಾಮೆರಾ ಹಾಕಿ, ನರದ ಹೊದಿಕೆಯ ಮೇಲೆ ಹಾದು, ಆಚೆ ಪಕ್ಕದ ನರವನ್ನೂ ಬಿಡಿಸಬಹುದು. ಕೀಲು ಉಳಿಯುತ್ತದೆ, ನಡುವಿನ ಕಟ್ಟು ಉಳಿಯುತ್ತದೆ, ಸ್ನಾಯು ಉಳಿಯುತ್ತದೆ. ಅಂದರೆ ಮೂಳೆಯನ್ನು ಇನ್ನಷ್ಟು ಸಡಿಲ ಮಾಡದೆ ನರಕ್ಕೆ ಜಾಗ ಮಾಡಿಕೊಡಬಹುದು. ಮೊದಲಾಗಿದ್ದರೆ ಬೆಸೆಯಲೇಬೇಕಿದ್ದ ಕೆಲವರನ್ನು ಈಗ ಬೆಸೆಯದೆ ಬಿಡಬಹುದು. ನಿಮಗೆ ಸಣ್ಣ ತೂತಿನ ಆಪರೇಷನ್ ಹೇಳಿದ ಡಾಕ್ಟರ ಹತ್ತಿರವೇ ಹೋಗಿ ಇದನ್ನು ಕೇಳಿ: "ಸ್ಕ್ರೂ ಹಾಕದೆ, ಇದೇ ಎಂಡೋಸ್ಕೋಪಿಯಲ್ಲಿ ನರ ಮಾತ್ರ ಬಿಡಿಸಿದರೆ ಅವ್ವನಿಗೆ ಸಾಲದಾ ಸರ್? ಸಾಲದು ಅಂದರೆ ಯಾಕೆ?" ಒಳ್ಳೆಯ ಡಾಕ್ಟರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ, ಎಕ್ಸ್‌ರೇ ಹಿಡಿದು ತೋರಿಸುತ್ತಾರೆ. ಇಂಥ ಆಪರೇಷನ್ ನೀವು ಎಷ್ಟು ಮಾಡಿದ್ದೀರಿ, ಮಧ್ಯದಲ್ಲಿ ತೊಡಕಾದರೆ ಓಪನ್ ಮಾಡಲು ಸಿದ್ಧತೆ ಇದೆಯಾ ಅಂತಲೂ ಕೇಳಿ. ಖರ್ಚಿನ ಅಂದಾಜನ್ನು ಬರೆಸಿಕೊಳ್ಳಿ, ಅದರಲ್ಲಿ ಸ್ಕ್ರೂ-ಕೇಜಿನ ಬೆಲೆ ಬೇರೆಯಾಗಿ ಇರಲಿ. ಹಾಕಿದ ಮೇಲೆ ಅವುಗಳ ಸ್ಟಿಕ್ಕರ್ ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಿಕೊಡಬೇಕು, ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ನೆಂಟರ ಭಯದ ಬಗ್ಗೆ. ಹಾಸಿಗೆ ಹಿಡಿಯುತ್ತಾರೆ ಅನ್ನುವ ಮಾತು ಪ್ರತಿ ಊರಿನಲ್ಲೂ ಇದೆ, ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಒಂದು ವಿಷಯ ತಿಳಿದರೆ ಧೈರ್ಯ ಬರುತ್ತದೆ. ಮೆದುಳಿನಿಂದ ಇಳಿದು ಬರುವ ಮುಖ್ಯ ಬಳ್ಳಿ, ಬೆನ್ನುಹುರಿ, ಎಲ್‌1 ಎಲ್‌2 ಹತ್ತಿರವೇ ಮುಗಿದುಬಿಡುತ್ತದೆ. ಅವ್ವನ ತೊಂದರೆ ಇರುವ ಎಲ್‌4-ಎಲ್‌5ನಲ್ಲಿ ಇರುವುದು ಕುದುರೆ ಬಾಲದ ಹಾಗೆ ಬಿಡಿಬಿಡಿಯಾದ ನರಗಳು. ಅಲ್ಲಿ ಒಂದು ನರಕ್ಕೆ ಪೆಟ್ಟಾದರೆ ಪಾದ ಎತ್ತಲು ಕಷ್ಟವಾಗಬಹುದು, ಒಂದು ಕಡೆ ಜೋಮು ಉಳಿಯಬಹುದು. ಅದು ಸಣ್ಣ ತೊಂದರೆ ಅಲ್ಲ, ಆದರೆ ಅಪರೂಪ. ಆ ಮಟ್ಟದ ಆಪರೇಷನ್‌ನಲ್ಲಿ ಒಂದು ನರಕ್ಕೆ ಪೆಟ್ಟಾಗಿ ಎರಡೂ ಕಾಲು ಪೂರ್ತಿ ಸತ್ತುಹೋಗುವುದಿಲ್ಲ. ಒಳಗೆ ರಕ್ತ ಕಟ್ಟಿ ಎಲ್ಲ ನರಗಳನ್ನೂ ಒತ್ತಿದರೆ ಎರಡೂ ಕಾಲಿಗೆ ತೊಂದರೆ ಬರಬಹುದು, ಅದೂ ಬಹಳ ಅಪರೂಪ. ಅದಕ್ಕೇ ಮೊದಲ ದಿನ ರಾತ್ರಿ ನರ್ಸ್ ಪದೇಪದೇ ಬಂದು ಪಾದ ಅಲ್ಲಾಡಿಸಿ ಅನ್ನುತ್ತಾರೆ.

ಭಯಪಡಬೇಕಾದದ್ದು ಬೇರೆ ಇದೆ. ಮೂತ್ರ ಕಟ್ಟಿಕೊಂಡರೆ, ಗೊತ್ತಿಲ್ಲದೆ ಹೋದರೆ, ಕೂರುವ ಜಾಗ ಮರಗಟ್ಟಿದರೆ, ಪಾದ ದಿನದಿಂದ ದಿನಕ್ಕೆ ಜೋಲುತ್ತಿದ್ದರೆ ಈ ಉತ್ತರವನ್ನೆಲ್ಲ ಪಕ್ಕಕ್ಕಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ. ಅದು ಕಾಯುವ ವಿಷಯ ಅಲ್ಲ. ಅಂಥದ್ದೇನೂ ಇಲ್ಲದಿದ್ದರೆ ಅವಸರ ಇಲ್ಲ, ಎರಡು ಮೂರು ತಿಂಗಳು ಸರಿಯಾದ ವ್ಯಾಯಾಮ ಮಾಡಿ ನೋಡಲು ಸಮಯ ಇದೆ.

ಆ ಎರಡು ಮೂರು ತಿಂಗಳು ಸುಮ್ನೆ ಹೋಗುವುದೂ ಇಲ್ಲ. ಶುಗರ್ ಹತೋಟಿಗೆ ತನ್ನಿ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ, ಅದು 8ರ ಮೇಲಿದ್ದರೆ ನಾನಂತೂ ಇಂಥ ಆಪರೇಷನ್ ಮುಂದೆ ಹಾಕುತ್ತೇನೆ, ಗಾಯ ಕೀವಾಗುವ ಅಪಾಯ ಜಾಸ್ತಿ. ಬೆಸೆಯುವ ಮಾತು ಬಂದರೆ ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡುವ ಡೆಕ್ಸಾ ಸ್ಕ್ಯಾನ್ ಬೇಕೇ ಬೇಕು. ಮುಟ್ಟು ನಿಂತ ಎಷ್ಟೋ ಹೆಂಗಸರ ಮೂಳೆ ಟೊಳ್ಳಾಗಿರುತ್ತದೆ, ಹಳೆ ಮಣ್ಣುಗೋಡೆಗೆ ಮೊಳೆ ಹೊಡೆದಂತೆ ಸ್ಕ್ರೂ ಅಲ್ಲಿ ನಿಲ್ಲುವುದಿಲ್ಲ. ಹಾಗಿದ್ದರೆ ಮೊದಲು ಅದಕ್ಕೆ ಔಷಧ ಕೊಡುತ್ತೇವೆ. ಇನ್ನೊಂದು ಪ್ರಶ್ನೆ, ತಪ್ಪು ತಿಳಿಯಬೇಡಿ, ಅವ್ವ ಎಲೆ ಅಡಿಕೆ ಜೊತೆ ತಂಬಾಕು ಹಾಕುತ್ತಾರಾ? ಸುಟ್ಟ ತಂಬಾಕಿನ ಪುಡಿಯಲ್ಲಿ ಹಲ್ಲು ಉಜ್ಜುತ್ತಾರಾ? ಬೀಡಿ ಸಿಗರೇಟು ಸೇದುತ್ತೀರಾ ಅಂತ ಕೇಳಿದರೆ ಹೆಂಗಸರು ಇಲ್ಲ ಅನ್ನುತ್ತಾರೆ, ಇದನ್ನು ಯಾರೂ ಕೇಳುವುದೇ ಇಲ್ಲ. ನಿಕೋಟಿನ್ ಬಾಯಿಂದ ಹೋದರೂ ಮೂಳೆ ಬೆಸೆಯುವುದಕ್ಕೆ ಅಡ್ಡಿಯೇ. ಆಪರೇಷನ್‌ಗೆ ತಿಂಗಳ ಮುಂಚೆಯೇ ಬಿಡಿಸಿ, ಆಮೇಲೂ ಬೇಡ.

ಮರುದಿನವೇ ನಡೆಯಬಹುದು ಅನ್ನುವ ಮಾತು ಸುಳ್ಳಲ್ಲ, ಎಷ್ಟೋ ಜನರನ್ನು ಅದೇ ಸಂಜೆ ಎಬ್ಬಿಸಿ ನಡೆಸುತ್ತೇವೆ. ಓಪನ್ ಆದವರನ್ನೂ ಸಾಮಾನ್ಯವಾಗಿ ಮರುದಿನ ನಡೆಸುತ್ತೇವೆ ಅನ್ನುವುದನ್ನು ಯಾಕೋ ಹೇಳುವುದಿಲ್ಲ. ಆದರೆ ನಡೆಯುವುದೇ ಬೇರೆ, ವಾಸಿಯಾಗುವುದೇ ಬೇರೆ. ನನ್ನ ಒಬ್ಬ ರೋಗಿ, ಹೊಲ ಮನೆ ಅಂತ ದುಡಿಯುವ ಹೆಣ್ಣುಮಗಳು, ಮೂರನೇ ವಾರಕ್ಕೇ ನೋವಿಲ್ಲ ಅಂತ ಜೋಳದ ಚೀಲ ಎತ್ತಿದರು. ಸ್ಕ್ರೂ ಸಡಿಲವಾಗಿ ಮತ್ತೆ ಆಪರೇಷನ್ ಮಾಡಬೇಕಾಯಿತು. ತಪ್ಪು ಅವರದಲ್ಲ, ಹೊರಗಿನ ಗಾಯ ಒಣಗಿದ ಮಾತ್ರಕ್ಕೆ ಒಳಗಿನದು ಗಟ್ಟಿಯಾಗಿಲ್ಲ ಅನ್ನುವುದನ್ನು ನಾನು ಅವರಿಗೆ ಅರ್ಥವಾಗುವ ಹಾಗೆ ಹೇಳಬೇಕಿತ್ತು. ಸೆಂಟ್ರಿಂಗ್ ಉದಾಹರಣೆ ನಾನು ಹೇಳಲು ಶುರು ಮಾಡಿದ್ದು ಅಲ್ಲಿಂದಲೇ.

ಇನ್ನು ಅವ್ವನ ಪ್ರಶ್ನೆ. ಬೆನ್ನಿಗೆ ನೆಲದ ಮೇಲೆ ಕೂತು ಮುಂದೆ ಬಾಗಿ ರೊಟ್ಟಿ ಬಡಿಯುವುದು ಚಿಕ್ಕ ಕೆಲಸವಲ್ಲ. ಬರೀ ನರ ಬಿಡಿಸಿದ್ದರೆ ಒಂದೂವರೆ ಎರಡು ತಿಂಗಳಲ್ಲಿ ನಿಧಾನವಾಗಿ ಶುರು ಮಾಡಬಹುದು. ಬೆಸೆದಿದ್ದರೆ ಮೊದಲ ಮೂರು ತಿಂಗಳು ನೆಲದ ಮೇಲೆ ಕೂರುವುದು ಬೇಡ, ಭಾರತೀಯ ಶೈಲಿಯ ಶೌಚಾಲಯವೂ ಬೇಡ, ಮನೆಯಲ್ಲಿ ಕಮೋಡ್ ಇಲ್ಲದಿದ್ದರೆ ಮೇಲೆ ಇಡುವ ಕುರ್ಚಿ ಸಿಗುತ್ತದೆ, ಮೊದಲೇ ತಂದಿಡಿ. ಆಮೇಲೆ ಎಕ್ಸ್‌ರೇಯಲ್ಲಿ ಮೂಳೆ ಕೂಡುತ್ತಿದೆ ಅಂತ ಕಂಡರೆ ಕೂರಬಹುದು. ಒಂದು ಕಡೆ ಮಾತ್ರ ಬೆಸೆದರೆ ಬಾಗುವುದು ಪೂರ್ತಿ ನಿಲ್ಲುವುದಿಲ್ಲ, ತೊಡೆಯ ಕೀಲು ಮತ್ತು ಉಳಿದ ಮೂಳೆಗಳು ಬಾಗುತ್ತವೆ. ಆದರೆ ಮೇಲಿನ ಮೂಳೆಯ ಮೇಲೆ ಭಾರ ಜಾಸ್ತಿ ಬೀಳುತ್ತದೆ, ವರ್ಷಗಳ ಮೇಲೆ ಅಲ್ಲಿಯೂ ಸವೆತ ಬರಬಹುದು. ಅದಕ್ಕೇ ನನ್ನ ಸಲಹೆ, ಒಲೆ ಮತ್ತು ರೊಟ್ಟಿ ಬಡಿಯುವ ಕಲ್ಲನ್ನು ಸೊಂಟದ ಎತ್ತರದ ಕಟ್ಟೆಗೆ ತನ್ನಿ. ನರ ಬಿಡಿಸಿದ ಮೇಲೆ ಕಾಲಿನ ಎಳೆತ ಕಡಿಮೆಯಾದರೆ ನಿಂತು ಮಾಡುವುದು ಕಷ್ಟವಾಗುವುದಿಲ್ಲ. ನೆಲದಲ್ಲೇ ಆಗಬೇಕು ಅಂದರೆ ಬರೀ ನೆಲ ಬೇಡ, ಎತ್ತರದ ಮಣೆ ಹಾಕಿಕೊಳ್ಳಲಿ, ಹತ್ತು ರೊಟ್ಟಿಗೊಮ್ಮೆ ಎದ್ದು ಓಡಾಡಲಿ. ಏಳುವಾಗ ಸೊಂಟದ ಮೇಲೆ ಭಾರ ಹಾಕದೆ, ಒಂದು ಕೈ ಊರಿ, ಮಂಡಿ ಮೇಲೆ ಬಂದು ಏಳಲಿ. ಹಿಟ್ಟಿನ ಡಬ್ಬ, ನೀರಿನ ಕೊಡ ಎತ್ತಿಕೊಡುವುದು ಮಾತ್ರ ನಿಮ್ಮ ಕೆಲಸ.